ಕಲ್ಲು ತಂದ ಉತ್ತರ

ಬಾವಿಯೊಳಗೆ ಇಣುಕಿದ ಮೇಲೆ ಕಲ್ಲೊಂದನ್ನು ಹಾಕದೆ ಹಿಂದಿರುಗಿದವರುಂಟೆ? ಹಿರಿಯರು ಎಷ್ಟು ಗದರಿದರೂ ಈ ಚಪಲ ನಮ್ಮನ್ನು ಬಿಟ್ಟಿಲ್ಲ. ಕಣ್ಣಿಗೆ ನಿಲುಕದ ಆಳ ಎದುರಾದರೆ ಅದರಿಂದ ಒಂದು ಮಾತನ್ನಾದರೂ ಹೊರಡಿಸಬೇಕೆನಿಸುತ್ತದೆ.

ಈ ಚಪಲಕ್ಕೆ ಲೆಕ್ಕದ ಗೌರವವನ್ನು ತಂದುಕೊಟ್ಟವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು. ಕಲ್ಲನ್ನು ಕೈಬಿಟ್ಟ ಕ್ಷಣದಿಂದ ಸದ್ದು ಕೇಳುವವರೆಗೆ ಎಷ್ಟು ಸೆಕೆಂಡೆಂದು ನೋಡಬೇಕು. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ 16ರಿಂದ ಗುಣಿಸಿದರೆ ಅಡಿಗಳ ಲೆಕ್ಕ ಸಿಕ್ಕಿತು. ಒಂದು ಸೆಕೆಂಡಿಗೆ 16 ಅಡಿ, ಎರಡಕ್ಕೆ 64, ಮೂರಕ್ಕೆ 144. ಬೀಳುವ ವಸ್ತು ಸಾಗುವ ದೂರ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಂದು ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

“ಆದರೆ ಮೇಷ್ಟ್ರೇ, ಸದ್ದು ಮೇಲಕ್ಕೆ ಬರುವುದಕ್ಕೂ ಹೊತ್ತು ಬೇಕಲ್ಲ!” ಎಂದು ಅವರು ನಕ್ಕರು. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಅದಕ್ಕೆ ಸಲ್ಲುವ ಹೊತ್ತನ್ನು ಕಳೆದರೆ ಎರಡು ಸೆಕೆಂಡಿಗೆ 64 ಅಡಿಯಲ್ಲ, 61, ಮೂರಕ್ಕೆ 133. ಇದಕ್ಕಿಂತ ದೊಡ್ಡ ಕಳ್ಳ ನಮ್ಮ ಬೆರಳು. ಎರಡು ಸೆಕೆಂಡಿನ ಬಾವಿಯಲ್ಲಿ ಗಡಿಯಾರ ಒತ್ತುವುದು ಸೆಕೆಂಡಿನ ಐದನೆಯ ಒಂದು ಪಾಲು ತಡವಾದರೂ ಹನ್ನೆರಡು ಅಡಿ ಏರುಪೇರಾಗುತ್ತದೆ. ಆದ್ದರಿಂದ ಐದಾರು ಸಲ ಹಾಕಿ ಸರಾಸರಿ ನೋಡಬೇಕು.

ಇಷ್ಟಾದರೂ ಕಲ್ಲು ಹೇಳುವುದು ನೀರು ಎಷ್ಟು ಕೆಳಗಿದೆ ಎಂಬುದನ್ನು. ಎಷ್ಟು ನೀರಿದೆ ಎಂಬುದನ್ನಲ್ಲ. ಅದನ್ನು ತಿಳಿಯಲು ನಮ್ಮ ಅಜ್ಜಿ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು, ನೆನೆದಷ್ಟನ್ನು ಮಾರಿನಲ್ಲಿ ಅಳೆಯುತ್ತಿದ್ದರು.

ಕೋಲಾರದ ಕಡೆಯ ನಮ್ಮ ಮನೆಯ ಬಾವಿ ನನ್ನ ಬಾಲ್ಯದಲ್ಲಿ ಒಂದು ಸೆಕೆಂಡಿಗೇ ‘ಗುಳುಂ’ ಎನ್ನುತ್ತಿತ್ತು. ನಾನು ಎಂ.ಎ. ಮುಗಿಸುವ ಹೊತ್ತಿಗೆ ಒಂದೂವರೆಗೆ ಬಂತು. ಕಳೆದ ಬೇಸಗೆಯಲ್ಲಿ ಎರಡಕ್ಕೆ ‘ಠಕ್’ ಎಂದಿತು. ಕನ್ನಡ ಪಾಠ ಹೇಳುವ ನನಗೆ ಎರಡೂ ಅನುಕರಣಾವ್ಯಯಗಳೇ. ಸಂಸಾರ ನಡೆಸುವವರಿಗೆ ಅವುಗಳ ಅಂತರ ವ್ಯಾಕರಣದ್ದಲ್ಲ. ಬಾವಿಯ ಪೂರ್ತಿ ಆಳವನ್ನು ಕಲ್ಲು ಹೇಳುವುದು ಅದು ಬತ್ತಿದ ದಿನವೇ!

ಪಕ್ಕದಲ್ಲಿ ಈಗ ಕೊಳವೆ ಬಾವಿಯಿದೆ. ನಮ್ಮ ಸೀಮೆಯಲ್ಲಿ ಇಂಥವು ಸಾವಿರ ಅಡಿ ದಾಟಿದ್ದೂ ಉಂಟು. ಆ ಇಕ್ಕಟ್ಟಿನಲ್ಲಿ ಕಲ್ಲು ಗೋಡೆಗೆ ಬಡಿಯುತ್ತ ಇಳಿಯುವುದರಿಂದ ಗೆಲಿಲಿಯೋ ಲೆಕ್ಕ ನಡೆಯುವುದಿಲ್ಲ. ನಲ್ಲಿಯಲ್ಲಿ ಗಾಳಿ ಬಂದ ದಿನವೇ ನಮಗೆ ಸುದ್ದಿ.

“ಹಳೆಯದನ್ನು ಮುಚ್ಚಿಸಿಬಿಡೋಣ ಕಣೋ, ಮಕ್ಕಳು ಓಡಾಡುವ ಜಾಗ” ಎನ್ನುತ್ತಾನೆ ಅಣ್ಣ. ಅವನ ಭಯ ಸುಳ್ಳಲ್ಲ. ಕಬ್ಬಿಣದ ಜಾಲರಿ ಹಾಕಿಸಿ, ಮಾಳಿಗೆಯ ಮಳೆನೀರನ್ನು ಸೋಸಿ ಅದರೊಳಕ್ಕೆ ಬಿಡೋಣ ಎಂಬುದು ನನ್ನ ವಾದ. ಅವನಿನ್ನೂ ಒಪ್ಪಿಲ್ಲ. ಒಂದು ಮುಂಗಾರು ಕಳೆಯಲಿ, ಜಾಲರಿಯ ಕಂಡಿಯಿಂದ ಒಂದು ಕಲ್ಲು ಹಾಕಿ, ಏನನ್ನುತ್ತದೋ ಕೇಳಿ ತೀರ್ಮಾನಿಸೋಣ ಎಂದಿದ್ದೇನೆ.