ಅಪ್ಪನ ಎಡೆಗೆ ಏನಿಡಬೇಕು?

ಶ್ರೀರಂಗಪಟ್ಟಣವನ್ನು ಗೈಡುಗಳು ರಂಗನಾಥನ ಊರೆಂದು ತೋರಿಸುತ್ತಾರೆ, ಇಲ್ಲವೇ ಟಿಪ್ಪುವಿನ ಊರೆಂದು. ನನ್ನ ಲೆಕ್ಕದಲ್ಲಿ ಅದು ತೀರಿಕೊಂಡ ಅಪ್ಪಂದಿರ ಊರು. ಕಾವೇರಿ ಎರಡು ಕವಲಾಗಿ ಬಳಸಿ ಮತ್ತೆ ಕೂಡುವ ಈ ದ್ವೀಪದ ಪಡುವಣ ಬದಿಯಲ್ಲಿ ಪಶ್ಚಿಮವಾಹಿನಿ ಇದೆ. ನದಿ ಅಲ್ಲಿ ಪಶ್ಚಿಮಕ್ಕೆ ತಿರುಗುವುದರಿಂದ ಆ ನೀರು ಪಿತೃಕಾರ್ಯಕ್ಕೆ ಶ್ರೇಷ್ಠ ಎಂಬ ನಂಬಿಕೆ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲು ಬಿಟ್ಟದ್ದೂ ಇಲ್ಲೇ. ಮೂಡಣ ತುದಿಯ ಗಂಜಾಮಿನಲ್ಲಿ, ಸಂಗಮಕ್ಕೆ ಹೋಗುವ ದಾರಿಯಲ್ಲಿ, ಮಗನೊಬ್ಬ ಅಪ್ಪನಿಗೆ ಕಟ್ಟಿಸಿದ ಗುಂಬಜ್ ಇದೆ. ಇವೆರಡರ ನಡುವೆ ಸಾಧಾರಣ ಮನೆಗಳು. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಒಂದೇ ಊರಿನಲ್ಲಿ ಅಪ್ಪನನ್ನು ನೆನೆಯುವ ಮೂರು ಬಗೆ. ಮೂರರಲ್ಲಿ ಅಪ್ಪ ಅಪ್ಪನಾಗಿಯೇ ಉಳಿಯುವುದು ಎಡೆಯ ಮುಂದೆ ಮಾತ್ರ ಎಂಬುದು ನನ್ನ ವಾದ.

ಗುಂಬಜ್ ಚೆಲುವಿನ ಕಟ್ಟಡ, ಅದರಲ್ಲಿ ಎರಡು ಮಾತಿಲ್ಲ. ಸುತ್ತ ನುಣುಪಾದ ಕರಿಗಲ್ಲಿನ ಕಂಬಗಳು, ದಂತದ ಕುಸುರಿಯ ಬಾಗಿಲು, ಒಳಗೋಡೆಗಳ ಮೇಲೆಲ್ಲ ಹುಲಿಪಟ್ಟೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿ ಬೆನ್ನುಹುಣ್ಣಿನಿಂದ ಸತ್ತಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಅವನು ಬಂದು ಸೇರುವವರೆಗೆ ಸಾವನ್ನೇ ಗುಟ್ಟಾಗಿಟ್ಟರು. ಕೊನೆಗಾಲದಲ್ಲಿ ಬಳಿ ಇರಲಾಗದ ಮಗ ಇಷ್ಟು ದೊಡ್ಡದನ್ನು ಕಟ್ಟಿಸಿದ್ದು ಅರ್ಥವಾಗುವ ಮಾತೇ. ಆದರೆ ಒಳಗೆ ನಿಂತವನಿಗೆ ಹೈದರನ ಬಗ್ಗೆ ಏನು ತಿಳಿಯುತ್ತದೆ? ಗೋಡೆಯ ತುಂಬ ಇರುವ ಹುಲಿಪಟ್ಟೆ ಮಗನ ಗುರುತು. 1799ರಲ್ಲಿ ಮಗನೂ ಅಪ್ಪನ ಪಕ್ಕದಲ್ಲೇ ಬಂದು ಮಲಗಿದ. ಇನ್ನೊಂದು ಪಕ್ಕ ತಾಯಿ. ಈಗ ಬಸ್ಸಿಳಿದು ಬರುವವರಲ್ಲಿ ಬಹುಪಾಲು ಜನ ಕೇಳುವುದು ಟಿಪ್ಪುವಿನ ಗೋರಿ ಯಾವುದು ಎಂದೇ. ನಡುವೆ ಮಲಗಿದ ಅಪ್ಪ ತನ್ನ ಸ್ಮಾರಕದಲ್ಲೇ ಎರಡನೆಯವನಾಗಿದ್ದಾನೆ.

ಪಶ್ಚಿಮವಾಹಿನಿಯ ಕಥೆ ಬೇರೆ. ಅಲ್ಲಿ ಬಡವ ಬಲ್ಲಿದ ಎಲ್ಲರಿಗೂ ಅದೇ ಎಳ್ಳು, ಅದೇ ದರ್ಭೆ. ಆದರೆ ಪುರೋಹಿತರ ಮಂತ್ರದಲ್ಲಿ ಅಪ್ಪ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಎಲ್ಲರ ಅಪ್ಪಂದಿರಿಗೂ ಅದೇ ಪದವಿ. ಸಿಡುಕನೋ, ಜಿಪುಣನೋ, ಇಸ್ಪೀಟಿನ ಹುಚ್ಚಿನವನೋ, ಅದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಸತ್ತವನನ್ನು ದೇವರ ಸಾಲಿಗೆ ಸೇರಿಸಿದರೆ ಗೌರವವೇನೋ ಸಿಗುತ್ತದೆ, ಮನುಷ್ಯ ಕೈ ತಪ್ಪುತ್ತಾನೆ. ಮಗಳಿಗೆ ಸಾಮಾನ್ಯವಾಗಿ ಅಲ್ಲಿ ಕೈಯಾಡಿಸುವ ಕೆಲಸವೂ ಇಲ್ಲ.

ಹಳೆ ಮೈಸೂರಿನ ಹಿರಿಯರ ಹಬ್ಬದಲ್ಲಿ ಈ ಉಪಾಯ ನಡೆಯದು. ಎಡೆಗೆ ಅವರವರ ಇಷ್ಟದ್ದನ್ನೇ ಇಡಬೇಕು. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಎಲೆಅಡಿಕೆ, ಕಡ್ಡಿಪುಡಿ. ಸೇದುತ್ತಿದ್ದವನಿಗೆ ಬೀಡಿಕಟ್ಟು, ಕುಡಿಯುತ್ತಿದ್ದವನಿಗೆ ಕ್ವಾರ್ಟರ್ ಬಾಟಲಿ. ಯಾವುದೋ ಒಂದು ಬೀಡಿ ಸಾಲದು. ಗಣೇಶ ಬೀಡಿ ಸೇದುತ್ತಿದ್ದವನಿಗೆ ಅದೇ ಆಗಬೇಕು. ಇಷ್ಟೆಲ್ಲ ಬಲ್ಲವರು ಮನೆಯ ಹೆಂಗಸರು: ಹೆಂಡತಿ, ಸೊಸೆ, ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು. ತಾತನನ್ನು ನೋಡದ ಮೊಮ್ಮಗ ‘ಇದ್ಯಾಕೆ ಉಪ್ಪಿನಕಾಯಿ ಇಟ್ರಿ?’ ಎಂದು ಕೇಳಿದರೆ ಒಂದು ಕಥೆ ಹುಟ್ಟುತ್ತದೆ. ಸಾಮ್ರಾಣಿ ಹಾಕಿ, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಆಮೇಲೆ ಒಳಗೆ ಹೋಗಿ ಒಟ್ಟಿಗೆ ಕೂತು ಉಣ್ಣುತ್ತಾರೆ.

ಸತ್ತವನು ಉಣ್ಣುತ್ತಾನೆಯೇ ಎಂಬ ಪ್ರಶ್ನೆ ಹಳೆಯದು. ಇಲ್ಲಿ ಬಡಿಸಿದ್ದು ಪರಲೋಕ ಮುಟ್ಟುವುದಾದರೆ, ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವುದೇಕೆ ಎಂದು ಚಾರ್ವಾಕರು ಎಂದೋ ನಕ್ಕಿದ್ದಾರೆ. ಅವರ ತರ್ಕ ಸರಿ ಎಂದೇ ಇಟ್ಟುಕೊಳ್ಳೋಣ. ಆದರೂ ಉಣ್ಣುವವರು ಬದುಕಿರುವವರೇ ಎಂಬುದು ಬಡಿಸುವವರಿಗೂ ಗೊತ್ತು; ಉಳಿಯಬೇಕಾದದ್ದು ನೆನಪು, ಅದು ಉಳಿಯುತ್ತದೆ. ಬಾಟಲಿ ಇಟ್ಟು ಚಟವನ್ನೂ ಪೂಜಿಸಬೇಕೆ ಎನ್ನುವವರ ಮಾತಿಗೆ ಹೆಚ್ಚು ತೂಕವಿದೆ. ಆ ಕುಡಿತದಿಂದ ಬವಣೆಪಟ್ಟವಳೇ ಎಷ್ಟೋ ಕಡೆ ಆ ಬಾಟಲಿಯನ್ನೂ ಇಡುತ್ತಾಳೆ. ಅದನ್ನು ಪೂಜೆ ಎನ್ನಲು ನನಗೆ ಮನಸ್ಸಿಲ್ಲ. ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದು. ಹುಲಿಪಟ್ಟೆಯ ಗೋಡೆಗಾಗಲಿ ವಸುರೂಪಕ್ಕಾಗಲಿ ಅದು ಬಾರದು. ಸಾಲ ಮಾಡಿ ಊರಿಗೆಲ್ಲ ಬಾಡೂಟ ಹಾಕುವುದನ್ನು ಮಾತ್ರ ನಾನು ಸಮರ್ಥಿಸಲಾರೆ.

ಉತ್ತರಿಸಲು ಕಷ್ಟವಾದ ಆಕ್ಷೇಪ ಇನ್ನೊಂದು: ಇದ್ದಾಗ ಒಂದು ಲೋಟ ನೀರು ಕೊಡದವರು ಸತ್ತ ಮೇಲೆ ಎಡೆ ಇಟ್ಟರೇನು ಬಂತು? ಹಾಗಾಗಿಯೇ ಜೂನ್ ತಿಂಗಳ ಮೂರನೆಯ ಭಾನುವಾರದ ಅಪ್ಪಂದಿರ ದಿನವನ್ನು ಆಮದು ಸರಕೆಂದು ತಳ್ಳಿಹಾಕಲು ನಾನು ತಯಾರಿಲ್ಲ. ಅಮೆರಿಕದ ಸ್ಪೋಕೇನ್ ಊರಿನಲ್ಲಿ 1910ರಲ್ಲಿ ಅದನ್ನು ಶುರುಮಾಡಿಸಿದವಳು ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಗಳು. ತಾಯಿ ತೀರಿಕೊಂಡ ಮೇಲೆ ಆರು ಮಕ್ಕಳನ್ನು ಒಬ್ಬನೇ ಸಾಕಿದ ಅಪ್ಪ ಅವಳ ಕಣ್ಣಮುಂದೆ ಬದುಕಿದ್ದ. ಬದುಕಿರುವವನಿಗೆ ಸಲ್ಲಬೇಕಾದ ಒಂದು ದಿನ ನಮ್ಮ ಪಂಚಾಂಗದಲ್ಲಿ ಸೇರಿಕೊಂಡರೆ ನಷ್ಟವೇನೂ ಇಲ್ಲ. ‘ಜಗತ್ತಿನ ಅತ್ಯುತ್ತಮ ಅಪ್ಪ’ ಎಂದು ಬರೆದ, ಎಲ್ಲರಿಗೂ ಒಂದೇ ಆದ ಮಗ್ಗು ಮಾತ್ರ ವಸುರೂಪದ ಇನ್ನೊಂದು ಅವತಾರ. ಹಾಗಾಗಿ ಕೇಕ್ ತರುವವರು ತರಲಿ. ಅಂಗಡಿಗೆ ಹೋಗುವ ಮುಂಚೆ, ಅಪ್ಪನಿಗೆ ಕೇಕ್ ಸೇರುತ್ತದೆಯೋ ಇಲ್ಲವೋ ಎಂದು ಅವರನ್ನೇ ಒಂದು ಮಾತು ಕೇಳಿ.