ಹತ್ತು ಬೆರಳಿನ ಲೆಕ್ಕ

ಡಿಪ್ಲೊಮಾ ಮುಗಿಸಿದ ಮಗಳು ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಶುರು ಮಾಡಿದಾಗ ನೆಂಟರಿಗೆಲ್ಲ ಅವಳ ಮದುವೆಯ ಚಿಂತೆ, ನನಗೆ ಅವಳ ಬೆರಳುಗಳ ಚಿಂತೆ. ನನ್ನ ಹತ್ತಿರ ಕಲಿತು ಬಡಗಿಯಾದ ಹುಡುಗನೊಬ್ಬ ಎಷ್ಟೋ ವರ್ಷಗಳ ಮೇಲೆ ದಾರಿಯಲ್ಲಿ ಸಿಕ್ಕಿ, "ಟೀಚರ್, ಚೆನ್ನಾಗಿದೀರಾ?" ಎಂದು ಕೈಮುಗಿದಾಗ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಆ ನಮಸ್ಕಾರವನ್ನು ನಾನು ಮರೆತಿಲ್ಲ.

ಟೇಬಲ್ ಸಾ ಕಾಣದವರು ನಮ್ಮ ಈಳಿಗೆಮಣೆಯನ್ನು ನೆನೆದರೆ ಸಾಕು. ಅಲಗು ಇದ್ದಲ್ಲೇ ಇರುತ್ತದೆ, ಕೊಯ್ಯಬೇಕಾದ್ದು ಅದರತ್ತ ಹೋಗಬೇಕು. ಆದರೆ ಇಲ್ಲಿನ ಅಲಗು ದುಂಡಗಿನದು. ನಿಮಿಷಕ್ಕೆ 4,000ಕ್ಕೂ ಹೆಚ್ಚು ಸುತ್ತು ತಿರುಗುವಂಥದು. ಹಲಗೆ ಸೊಟ್ಟ ಹೋಗದಿರಲೆಂದು ಪಕ್ಕದಲ್ಲಿ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಅದಕ್ಕೆ ಫೆನ್ಸ್ ಎನ್ನುತ್ತಾರೆ. ಹಲಗೆ ಈ ಬೇಲಿ ಬಿಟ್ಟು ಓರೆಯಾಯಿತೋ, ಅಲಗಿನ ಹಿಂಬದಿಯಲ್ಲಿ ಮೇಲೇಳುವ ಹಲ್ಲುಗಳು ಅದನ್ನೆತ್ತಿ ನಿಂತವರತ್ತಲೇ ಎಸೆಯುತ್ತವೆ. ಒದೆಯುವ ಹಸುವಾದರೂ ಒಮ್ಮೆ ಬಾಲ ಬೀಸುತ್ತದೆ. ಇದಕ್ಕೆ ಅಷ್ಟೂ ವ್ಯವಧಾನವಿಲ್ಲ.

"ಹಲಗೆ ಅದುಮಿ ಹಿಡಿಯೋದಕ್ಕೆ ಬೆರಳೇ ಬೇಕೇನೇ?" ಎಂದೆ.

"ಬೇಡಮ್ಮಾ, ಅದಕ್ಕೇ ಗೈಡ್ ತರೋಕೆ ಹೊರಟಿದೀನಿ" ಎಂದಳು. ಶಾಲೆಗೆ ರಜೆಯಿತ್ತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ನಾನೂ ಜೊತೆಯಾದೆ.

ಅಂಗಡಿಯವರು ಮೊದಲು ತೋರಿಸಿದ್ದು ಫೆನ್ಸಿನ ಮೇಲೆ ಕೂರಿಸುವ ರೋಲರ್ ಗೈಡ್. ರಬ್ಬರಿನ ಎರಡು ಚಕ್ರಗಳು ಸ್ಪ್ರಿಂಗಿನ ಬಲದಿಂದ ಹಲಗೆಯನ್ನು ಮೇಲಿನಿಂದ ಒತ್ತುತ್ತವೆ. ತುಸು ಓರೆಯಾಗಿರುವುದರಿಂದ ಬೇಲಿಗೂ ತಾಗಿಸಿ ಇಡುತ್ತವೆ. ಒಂದೇ ದಿಕ್ಕಿಗೆ ತಿರುಗುವ ಕಾರಣ ಹಲಗೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತವೆ. ಹೊಲಿಗೆ ಯಂತ್ರದಲ್ಲಿ ಬಟ್ಟೆ ಅದುಮುವ ಪಾದ ನೆನಪಾಗಿ ನನಗೆ ಅದು ಬಹಳ ಹಿಡಿಸಿತು. ಮಗಳಿಗೆ ಹಿಡಿಸಲಿಲ್ಲ. ಅವಳು ಹೆಚ್ಚಾಗಿ ಸೀಳುವುದು ಸಣ್ಣ ರೀಪುಗಳನ್ನು. ಅಲಗಿಗೂ ಬೇಲಿಗೂ ನಡುವಿನ ಕಿರುಜಾಗವನ್ನು ಚಕ್ರಗಳೇ ತುಂಬಿಕೊಂಡರೆ ತಳ್ಳುಕೋಲು ತೂರುವುದೆಲ್ಲಿ? ಅಗಲ ಹಲಗೆಗಾದರೆ ಸರಿ ಎಂದಳು.

ಆಮೇಲೆ ಬಂದದ್ದು ಫೆದರ್ ಬೋರ್ಡು. ಬಾಚಣಿಗೆಯಂಥ ಪಟ್ಟಿ, ಓರೆಯಾದ ಹಲ್ಲುಗಳು ಹಲಗೆಯನ್ನು ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡವು. ಅಯಸ್ಕಾಂತದ್ದು ನೋಡಲು ಸೊಗಸಾಗಿತ್ತು, ಆದರೆ ಇವಳ ಮೇಜು ಅಲ್ಯೂಮಿನಿಯಮ್ಮಿನದು, ಅಂಟುವುದಿಲ್ಲ. ಮೇಜಿನ ಗಾಡಿಯಲ್ಲಿ ಕೂರಿಸುವ ಇನ್ನೊಂದು 19 ಮಿಲಿಮೀಟರ್ ಅಳತೆಯದು. ಮಗಳು ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಂಡಿದ್ದಳು: 16. ಸೀರೆಗೆ ಹೊಂದುವ ಕುಪ್ಪಸದ ಬಟ್ಟೆಗೆ ಹತ್ತು ಅಂಗಡಿ ಅಲೆಯುವ ನಾವು, ಯಂತ್ರದ ವಿಷಯದಲ್ಲಿ ಮಾತ್ರ ಕೊಟ್ಟದ್ದನ್ನು ತರುತ್ತೇವಲ್ಲ ಎನಿಸಿತು.

ಕೊನೆಗೆ ಕೊಂಡದ್ದು ಎರಡು ಕ್ಲಾಂಪು, ಒಂದು ತಳ್ಳುಕೋಲು. ಫೆದರ್ ಬೋರ್ಡನ್ನು ಅವಳೇ ಮಾಡಿದಳು. ಗಂಟಿಲ್ಲದ ಸಾಗುವಾನಿ ತುಂಡಿನ ತುದಿಯನ್ನು 30 ಡಿಗ್ರಿ ಓರೆಗೆ ಕತ್ತರಿಸಿ, ಕಾಲು ಅಂಗುಲಕ್ಕೊಂದರಂತೆ ಉದ್ದ ಸೀಳು ಕೊಯ್ದು ಮೇಜಿಗೆ ಬಿಗಿದಳು. ಅದೂ ಅಲಗಿಗಿಂತ ಈಚೆಗೆ. ಅಲಗಿನ ಪಕ್ಕಕ್ಕೇ ಬಿಗಿದರೆ ಸೀಳಿದ ತುಂಡನ್ನು ಅಲಗಿಗೆ ಒತ್ತಿ, ಯಾವುದು ಆಗಬಾರದೋ ಅದೇ ಆಗುತ್ತದಂತೆ. ಯಂತ್ರ ನಿಲ್ಲಿಸಿಟ್ಟೇ ಹಲಗೆ ತಳ್ಳಿ ನೋಡಿದಳು: ಮುಂದಕ್ಕೆ ಸರಾಗ, ಹಿಂದಕ್ಕೆ ಜಪ್ಪಯ್ಯ ಎಂದರೂ ಇಲ್ಲ.

"ಇದಿದೆ ಅಂತ ಅಲಗಿನ ಹಿಂದಿರೋ ರೈವಿಂಗ್ ನೈಫ್ ತೆಗೆಯೋ ಹಾಗಿಲ್ಲ, ಎರಡೂ ಬೇಕು" ಎಂದು ನನಗೇ ಪಾಠ ಹೇಳಿದಳು.

ಶೆಡ್ಡಿಗೆ ಬಂದವರೆಲ್ಲ ಯಂತ್ರದ ಬೆಲೆ ಕೇಳುತ್ತಾರೆ. ಆ ಬಾಚಣಿಗೆ ಹಲಗೆಯನ್ನು ಯಾರೂ ವಿಚಾರಿಸುವುದಿಲ್ಲ. "ಹೆಣ್ಣುಮಗಳಿಗೆ ಇಂಥದ್ದೆಲ್ಲ ಯಾಕ್ರೀ, ಹೆದರಿಕೆ ಆಗಲ್ವೇ?" ಎಂದು ಮಾತ್ರ ತಪ್ಪದೆ ಕೇಳುತ್ತಾರೆ. ಆಗುತ್ತದೆ. ಆದರೆ ಹೆದರಿಕೆಯನ್ನು ಅಳತೆ ಹಿಡಿದು, ಕ್ಲಾಂಪು ಹಾಕಿ ಬಿಗಿದಿಡುವುದನ್ನು ಅವಳು ಕಲಿತಿದ್ದಾಳೆ. ಅಷ್ಟು ಕಲಿತ ಮಗಳನ್ನು ಬೇಡ ಎನ್ನಲು ನನಗೆ ಕಾರಣವೇ ಸಿಕ್ಕಿಲ್ಲ.