ಜಾಲಿಗಿಡದ ನೆರಳು

ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿಯೂ ಬಂಧುಗಳು ಮದುವೆ ಮನೆಗಳಲ್ಲಿಯೂ ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ: "ಮಾಷ್ಟ್ರೇ, ಯಾಕೆ ಏನೂ ಬರೆಯುತ್ತಿಲ್ಲ?" ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಪತ್ನಿ ತೀರಿಕೊಂಡ ಸಂಗತಿ ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿದೆ. ಅನಂತರದ ಏಳೆಂಟು ತಿಂಗಳು ನನ್ನಿಂದ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಬರವಣಿಗೆ ಹಾಗಿರಲಿ, ಪ್ರಾರ್ಥನೆಯೂ ಆಗಲಿಲ್ಲ. ಭಾನುವಾರ ದೇವಾಲಯಕ್ಕೆ ಹೋಗುತ್ತಿದ್ದೆ, ಎಲ್ಲರೂ ಎದ್ದಾಗ ಏಳುತ್ತಿದ್ದೆ, ಕುಳಿತಾಗ ಕುಳಿತುಕೊಳ್ಳುತ್ತಿದ್ದೆ. ತುಟಿಗಳು ಅಲುಗಾಡುತ್ತಿದ್ದವು, ಅಷ್ಟೆ. ಐವತ್ತು ವರ್ಷ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆಯ ನಡುವೆ ಒಮ್ಮೆ ಮುಂದಿನ ಮಾತು ನೆನಪಾಗದೆ ನಿಂತುಬಿಟ್ಟೆ.

ಸಮಾಧಾನ ಹೇಳಲು ಬಂದವರಿಗೆ ಕೊರತೆಯಿರಲಿಲ್ಲ. "ಎಲ್ಲವೂ ದೇವರ ಚಿತ್ತ", "ಧೈರ್ಯ ತಂದುಕೊಳ್ಳಿ" ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಆದರೆ ಧೈರ್ಯವೆಂಬುದು ಹಂಪನಕಟ್ಟೆಯ ಅಂಗಡಿಯಲ್ಲಿ ಸಿಗುವ ವಸ್ತುವೇ, ಹೋಗಿ ತರಲು? ಇಂಥ ಮಾತು ಕೇಳಿದಾಗಲೆಲ್ಲ ನಾನು ಇನ್ನಷ್ಟು ಒಳಗೆ ಸರಿಯುತ್ತಿದ್ದೆ.

ಆ ದಿನಗಳಲ್ಲಿ ನನಗೆ ಆಸರೆಯಾದದ್ದು ಸತ್ಯವೇದದ ಒಂದು ಅಧ್ಯಾಯ, ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯದು. ಕ್ರೈಸ್ತರಲ್ಲದ ನನ್ನ ವಿದ್ಯಾರ್ಥಿಗಳಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಎಲೀಯನೆಂಬ ಪ್ರವಾದಿ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯವನ್ನು ಕಂಡವನು. ಅದರ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆ ಬರುತ್ತದೆ. ಅವನು ಓಡುತ್ತಾನೆ, ಒಂದು ದಿನದ ದಾರಿ ಅರಣ್ಯದೊಳಗೆ ನಡೆದು ಜಾಲಿಗಿಡದ ಕೆಳಗೆ ಕುಳಿತು, ಸಾಕಪ್ಪಾ, ಪ್ರಾಣವನ್ನು ತೆಗೆದುಕೋ ಎಂದು ಬೇಡಿ ನಿದ್ರೆ ಹೋಗುತ್ತಾನೆ. ಆಗ ದೇವದೂತನು ಬಂದು ಏನು ಮಾಡಿದನು? ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ, ನಂಬಿಕೆ ಸಾಲದೆಂದು ಹೇಳಲಿಲ್ಲ. ಅವನನ್ನು ತಟ್ಟಿ ಎಬ್ಬಿಸಿ, ತಿನ್ನು ಎಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ಎಲೀಯನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಬಾರಿ ಬಂದು ಪುನಃ ತಿನ್ನಿಸಿದನು, ಏಕೆಂದರೆ ಮುಂದಿನ ದಾರಿ ದೂರವಿತ್ತು. ಆ "ಮತ್ತೆ ಮಲಗಿದನು" ಎಂಬುದನ್ನು ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಒಮ್ಮೆ ಎಬ್ಬಿಸಿದರೆ ಏಳದವನನ್ನೂ ದೇವರು ಬಿಟ್ಟುಹೋಗಲಿಲ್ಲವಷ್ಟೆ!

ನನ್ನ ಪಾಲಿಗೆ ಆ ರೊಟ್ಟಿಯನ್ನು ತಂದವರು ನನ್ನ ಅತ್ತಿಗೆ. ದಿನವೂ ರಾತ್ರಿ ಎಂಟು ಗಂಟೆಗೆ ಕುಚ್ಚಲಕ್ಕಿಯ ಗಂಜಿ, ತೆಂಗಿನಕಾಯಿ ಚಟ್ನಿ, ಸುಟ್ಟ ಹಪ್ಪಳ ತಂದಿಟ್ಟು, ನಾನು ಉಣ್ಣುವವರೆಗೂ ಎದುರಿಗೆ ಕುಳಿತಿರುತ್ತಿದ್ದರು. ಹೆಚ್ಚು ಮಾತಿಲ್ಲ. ಉಂಡ ಮೇಲೆ ಪಾತ್ರೆ ತೊಳೆದಿಟ್ಟು, "ನಾಳೆ ಬರುತ್ತೇನೆ" ಎಂದು ಹೊರಡುವರು.

ಇನ್ನೊಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಅವರನ್ನು ನಿಮಗೆ ತರಗತಿಯಲ್ಲಿ ಪರಿಚಯಿಸಿದವನು ನಾನೇ: ಫರ್ಡಿನಂಡ್ ಕಿಟೆಲ್. ಆಗ ನಾನು ಹೇಳಿದ್ದು ನಿಘಂಟಿನ ಕಥೆಯನ್ನು ಮಾತ್ರ. ಈಗ ಒಂಟಿಯಾದ ಮೇಲೆ ಅವರ ಜೀವನದ ತಾರೀಖುಗಳನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ಭಾರತಕ್ಕೆ ಬಂದರು. ಜನರ ಭಾಷೆಯನ್ನೂ ನಡೆನುಡಿಯನ್ನೂ ಅವರಂತೆಯೇ ಕಲಿಯಬೇಕೆಂಬ ಹಟದವರು. ಈ ಹಟ ಜೊತೆಯ ಮಿಶನರಿಗಳಿಗೆ ಹಿಡಿಸಲಿಲ್ಲ, ಅವರೊಡನೆ ಭಿನ್ನಾಭಿಪ್ರಾಯಗಳೂ ಬಂದವು. ಸುವಾರ್ತೆ ಸಾರಲೆಂದು ಕಳುಹಿಸಲ್ಪಟ್ಟವನು ಹಳಗನ್ನಡದ ಓಲೆಗರಿಗಳನ್ನು ಬಿಡಿಸುತ್ತ ಕುಳಿತರೆ ಮೇಲಿನವರಿಗೆ ಹೇಗನಿಸೀತು? ಆದರೂ 1862ರಲ್ಲಿ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದ 'ಕಥಾಮಾಲೆ'ಯನ್ನು ಇದೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಅದಾಗಿ ಎರಡು ವರ್ಷಕ್ಕೆ, 1864ರಲ್ಲಿ, ಪತ್ನಿ ಪೌಲಿನ್ ತೀರಿಕೊಂಡರು. ಅದೂ ಇದೇ ಮಂಗಳೂರಿನಲ್ಲಿ. ಮದುವೆಯಾಗಿ ನಾಲ್ಕೇ ವರ್ಷ! ಮೂವತ್ತೆರಡರ ಪ್ರಾಯದಲ್ಲಿ ಪರದೇಶದ ಮಣ್ಣಿಗೆ ಹೆಂಡತಿಯನ್ನು ಒಪ್ಪಿಸಿದ ಮನುಷ್ಯ ಹಡಗು ಹತ್ತಿ ಹೊರಟುಹೋಗಿದ್ದರೆ ಯಾರು ತಪ್ಪೆನ್ನುತ್ತಿದ್ದರು? 1867ರಲ್ಲಿ ಪೌಲಿನ್ ಅವರ ತಂಗಿ ಜೂಲಿಯನ್ನು ಮದುವೆಯಾದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದಕತ್ವದಲ್ಲಿ ಹೊರಬಂದವು. ನಿಘಂಟಿನ ಕೆಲಸ ನಡೆದಿರುವಾಗಲೇ 1877ರಲ್ಲಿ ಜರ್ಮನಿಗೆ ಹಿಂದಿರುಗಬೇಕಾಯಿತು. ಅಲ್ಲಿಗೆ ಮುಗಿಯಿತೆಂದು ಯಾರಾದರೂ ತಿಳಿದಾರು. ಆದರೆ 1883ರಲ್ಲಿ, ಐವತ್ತು ದಾಟಿದ ಮೇಲೆ, ಅರ್ಧಕ್ಕೆ ನಿಂತ ಕೆಲಸಕ್ಕಾಗಿ ಮತ್ತೆ ಬಂದರು. 1894ರಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಬೃಹತ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕಂಪ್ಯೂಟರು ಎಲ್ಲಿತ್ತು? ಒಂದೊಂದು ಮೊಳೆಯನ್ನೂ ಕೈಯಲ್ಲಿ ಜೋಡಿಸಿದ ಕಾಲವದು. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ಕಣ್ಮುಚ್ಚಿದ್ದೂ ಅದೇ ವರ್ಷ.

ಕಿಟೆಲ್ ದೊರೆಗೂ ನನಗೂ ಹೋಲಿಕೆಯೇ ಇಲ್ಲ, ನಗಬೇಡಿ. ಆದರೆ ವಿಶ್ವಾಸವೆಂದರೆ ಎದೆಯಲ್ಲಿ ಸದಾ ಉಕ್ಕುತ್ತಿರಬೇಕಾದ ಭಾವವೆಂದು ನಾನು ತಿಳಿದಿದ್ದೆ. ಆ ಭಾವ ಬತ್ತಿದಾಗ ವಿಶ್ವಾಸವೇ ಹೋಯಿತೆಂದು ಅಂಜಿದ್ದೆ. ಒಂದು ಶಬ್ದ, ಅದರ ಅರ್ಥ, ಅದಕ್ಕೊಂದು ಗಾದೆ, ಮರುದಿನ ಮುಂದಿನ ಶಬ್ದ. ಈ ಬಗೆಯ ದುಡಿಮೆಯೂ ದೇವರ ಮುಂದೆ ಪ್ರಾರ್ಥನೆಯಾಗಿರಬಹುದೆಂದು ಈಗ ಅನಿಸುತ್ತದೆ. ನಮ್ಮ ಸಭಾಪಾಲಕರಲ್ಲಿ ಇದನ್ನು ಹೇಳಿದೆ. ಅವರು ವಾದಿಸಲಿಲ್ಲ. ಪ್ರಾರ್ಥಿಸಲಾಗದ ದಿನ ದಾವೀದನ ಕೀರ್ತನೆಯೊಂದನ್ನು ಗಟ್ಟಿಯಾಗಿ ಓದಿ ಸಾಕು, ನಿಮ್ಮ ಪರವಾಗಿ ಸಭೆ ಪ್ರಾರ್ಥಿಸುತ್ತದೆ ಎಂದರು. ಕೀರ್ತನೆಗಳಲ್ಲಿ ಎಷ್ಟೊಂದು ದೂರುಗಳಿವೆ ಎಂಬುದನ್ನು ಆಗಲೇ ಗಮನಿಸಿದ್ದು. ದೇವರನ್ನು ಎಲ್ಲಿದ್ದೀ ಎಂದು ಕೇಳುವವನು ಆತನಿಗೆ ಬೆನ್ನು ಹಾಕಿದವನಲ್ಲ, ಆತನ ಕಡೆಗೇ ತಿರುಗಿ ನಿಂತವನು.

ದುಃಖ ಹೋಯಿತೆಂದು ನಾನು ಹೇಳುತ್ತಿಲ್ಲ. ಸಂಜೆ ಐದಕ್ಕೆ ಚಹಾ ಮಾಡುವಾಗ ಕೈ ಈಗಲೂ ಎರಡು ಲೋಟ ತೆಗೆಯುತ್ತದೆ. ಆದರೆ ಕ್ರಿಸ್ಮಸ್ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತನೆಯ ತರಗತಿಯ ಮಗನನ್ನು ಕರೆತಂದು, "ಸರ್, ಇವನಿಗೆ ಹಳಗನ್ನಡ ಪದ್ಯ ತಲೆಗೇ ಹತ್ತುವುದಿಲ್ಲ, ಸ್ವಲ್ಪ ಹೇಳಿಕೊಡಬೇಕು" ಎಂದಳು. ಇಲ್ಲವೆನ್ನಲು ಬಾಯಿ ತೆರೆದವನು ಹೂಂ ಎಂದುಬಿಟ್ಟೆ. ಮಂಗಳವಾರ, ಶುಕ್ರವಾರ ಬರುತ್ತಾನೆ. ಅತ್ತಿಗೆ ಈಗ ಅವನಿಗೂ ಏನಾದರೂ ತಿಂಡಿ ಕಳುಹಿಸುತ್ತಾರೆ. ಮೊನ್ನೆ ಪದ್ಯದ ನಡುವೆ ಒಂದು ಶಬ್ದಕ್ಕೆ ತಡೆದು, ನನಗೂ ಖಚಿತವಾಗದೆ, ನಿಘಂಟು ನೋಡೋಣವೆಂದೆ. ಅದು ಕಪಾಟಿನ ಮೇಲಿನ ಅಂಕಣದಲ್ಲಿತ್ತು. ಹುಡುಗನೇ ಸ್ಟೂಲು ಹತ್ತಿ ಇಳಿಸಿದ, ಧೂಳಿಗೆ ಎರಡು ಬಾರಿ ಸೀನಿದ, ಅನಂತರ ಮೇಜಿನ ಮೇಲಿಟ್ಟು, "ಇಷ್ಟು ದೊಡ್ಡದನ್ನು ಒಬ್ಬರೇ ಬರೆದರಾ ಸರ್?" ಎಂದು ಕೇಳಿದ.